ಕಡಲನ್ನು ತಾಯಿ ಎಂದ ಹಾಡು

ಗಿಟಾರ್ ಹಿಡಿದು, ಜನಪದದ ಮಟ್ಟಿನಲ್ಲಿ ತಾವೇ ಬರೆದು ಹಾಡುವ ಒಬ್ಬ ಹಿರಿಯ ಗಾಯಕರ ಅಭಿಮಾನಿಗಳದ್ದೊಂದು ವಾಟ್ಸಾಪ್ ಗುಂಪಿದೆ. ಅದನ್ನು ಕಟ್ಟಿದವರು ಕುಂದಾಪುರದ ಒಬ್ಬ ನಿವೃತ್ತ ಮಾಷ್ಟ್ರು. ಸೇರಿದ ಮೊದಲ ವಾರದಿಂದಲೇ ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಯಾರು ಯಾವ ಹಾಡು ಹಾಕಿದರೂ ಕೆಳಗೆ ಅವರದೊಂದು ತೀರ್ಪು: ಇದು ಅವರ ಒಳ್ಳೆಯ ಕಾಲದ್ದಲ್ಲ, ಇದರಲ್ಲಿ ಸಾಹಿತ್ಯ ತೆಳು. ಮಾಷ್ಟ್ರ ಮೆಚ್ಚಿನದು ಮಾತ್ರ ವಾರಕ್ಕೆರಡು ಸಲ ಬರುತ್ತಿತ್ತು. ಕಡಲೇ ನನ್ನ ತಾಯಿ ಎನ್ನುವ ಹಾಡು. ಅದನ್ನು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಮರವಂತೆಯಲ್ಲಿ ನಮ್ಮ ಹಿತ್ತಲನ್ನು ಕಡಲು ಮೂರೇ ಮಳೆಗಾಲದಲ್ಲಿ ತಿಂದು ಮುಗಿಸಿದೆ.

ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ ಅವರು ಎಲ್ಲರನ್ನೂ ತಮ್ಮ ಮನೆಗೆ ಕರೆದರು. ಒಬ್ಬೊಬ್ಬರು ಒಂದು ಹಾಡು ಹಾಕಿ, ಅದು ಯಾಕೆ ಇಷ್ಟ ಎಂದು ಹೇಳಬೇಕು. ನಾನು ಅಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಮಂಡಿ ಸೋಲುವವರೆಗೆ ಮೀನುಬುಟ್ಟಿ ಹೊತ್ತವಳು ಅಮ್ಮ. ಈಗ ಮನೆಯಲ್ಲಿ ಕೂತು ನನ್ನ ಹಳೆಯ ಫೋನಿನಲ್ಲಿ ದಿನವಿಡೀ ಇದೇ ಗಾಯಕರನ್ನು ಕೇಳುತ್ತಾಳೆ. ಆದರೆ ಅವಳನ್ನು ನಾನು ಕರೆದೊಯ್ದದ್ದು ಹಾಡಿಗಲ್ಲ, ಕಡಲು ಮಾಡಿದ್ದಕ್ಕೆ ಸಾಕ್ಷಿಗೆ.

ಹನ್ನೆರಡು ಹದಿಮೂರು ಜನ ಇದ್ದೆವು. ನನ್ನ ಸರದಿ ಬಂದಾಗ, ಮೀನು ವಾಸನೆಯೆಂದು ಬಸ್ಸು ನಿಲ್ಲಿಸದೆ ಹೋದದ್ದನ್ನು ಹೆಂಗಸೊಬ್ಬಳು ಹೇಳುವ ಹಾಡು ಹಾಕಿದೆ. ಮುಗಿಯುವ ಮೊದಲೇ ಮಾಷ್ಟ್ರು, "ಇದು ಹಾಡಲ್ಲಮ್ಮ, ದೂರು ಅರ್ಜಿ," ಎಂದರು. ನಾಲ್ಕು ಜನ ನಕ್ಕರು. ಆಮೇಲೆ ಅವರು ಕಣ್ಣು ಮುಚ್ಚಿಕೊಂಡು ತಮ್ಮ ಕಡಲಿನ ಹಾಡು ಹಾಕಿದರು.

ಅದು ಮುಗಿಯುತ್ತಲೇ ನಾನು ಎದ್ದುನಿಂತೆ.

"ಕಡಲ್ ತಾಯಿ ಅಂದೇಳಿ ಹೇಳುಕೆ ನಿಮ್ಗೆಂತ ಮಾಷ್ಟ್ರೇ, ನಿಮ್ ಮನಿ ಪೇಟಿ ಒಳ್ಗ್ ಇತ್ತ್. ನಮ್ ಆರ್ ತೆಂಗಿನಮರ ತಿಂದದ್ ಅದೇ ತಾಯಿ. ನಿಮ್ ತಾಯಿ ನಿಮ್ ಹಿತ್ಲ್ ತಿಂದಿತಾ?"

ಮಾಷ್ಟ್ರ ಮುಖ ಕೆಂಪಾಯಿತು. "ಹಾಡು ಕೇಳಲು ಬಾರದವರು ಮನೆಯಲ್ಲಿರಬೇಕು," ಎಂದರು.

"ಅಮ್ಮ, ಏಳ್. ಹೋಪ."

ಅಮ್ಮ ಏಳಲಿಲ್ಲ. ನನ್ನನ್ನು ನೋಡಲೂ ಇಲ್ಲ. "ಹ್ವಾಯ್ ಮಾಷ್ಟ್ರೇ, ಅದನ್ನ ಇನ್ನೊಂದ್ ಸಲ ಹಾಕಿ, ಕೇಂಬ," ಎಂದಳು.

ನಾನು ಒಬ್ಬಳೇ ಹೊರಗೆ ಬಂದು ಗೇಟಿನ ಬಳಿ ಬಿಸಿಲಲ್ಲಿ ನಿಂತೆ. ಒಳಗಿನಿಂದ ಹಾಡು ಕೇಳಿಸಿತು, ಅದರ ಜೊತೆ ಅಮ್ಮನ ಒಡಕು ದನಿಯೂ. ಅವಳಿಗೆ ಪ್ರತಿ ಸಾಲೂ ಬಾಯಿಪಾಠವಿತ್ತು. ನನಗದು ಗೊತ್ತೇ ಇರಲಿಲ್ಲ.

ಮರಳುವ ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು ಹೆಮ್ಮಾಡಿಯವರೆಗೆ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ.

"ಎಲ್ಲರೆದ್ರ್ ನನ್ ಮಾನ ತೆಗ್ದೆ."

"ನಿನ್ ಮಾನ ನೀನೇ ತೆಗ್ಕಂಡದ್ದ್. ನಿಂಗೆ ಅನ್ನ ಹಾಕದ್ ಯಾರ್? ಆ ಕಡಲೇ ಅಲ್ದಾ?"

"ಹಿತ್ಲ್ ಹೋಯ್ತಲೆ."

"ಹಿತ್ಲ್ ನಂದ್. ಸಿಟ್ಟೂ ನಂದೇ. ಅದನ್ನ ಊರ್ ತುಂಬ ಹಂಚುಕೆ ನಿಂಗ್ ಯಾರ್ ಹೇಳದ್?"

ಆ ಸಂಜೆಯೇ ಮಾಷ್ಟ್ರು ನನ್ನನ್ನು ಗುಂಪಿನಿಂದ ತೆಗೆದರು. ಮರುದಿನ ಅಮ್ಮನ ನಂಬರನ್ನು ಸೇರಿಸಿದರು. ತಿಂಗಳಿಗೊಮ್ಮೆ ಅವಳು ಹಸಿರು ಸೀರೆ ಉಟ್ಟು ಒಬ್ಬಳೇ ಕುಂದಾಪುರಕ್ಕೆ ಹೋಗತೊಡಗಿದಳು. ಅಲ್ಲೇನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಡುಗೆಮನೆಯಲ್ಲಿ ನಾವು ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಇಡುತ್ತಿದ್ದೆವು.

ಮಳೆ ಹಿಡಿಯುವ ಮುಂಚೆ ಒಂದು ದಿನ ಮಾಷ್ಟ್ರು ನಮ್ಮ ಮನೆಗೇ ಬಂದರು, ಅಮ್ಮ ಹಾಡುವುದನ್ನು ಫೋನಿನಲ್ಲಿ ಹಿಡಿದುಕೊಳ್ಳಲು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನನ್ನತ್ತ ನೋಡದೆ ಕೇಳಿದರು: "ಹಿತ್ತಲು ಎಲ್ಲಿತ್ತು?"

ಕಡಲ ತಡೆಗೆಂದು ಸುರಿದ ಕಲ್ಲುರಾಶಿಯ ಆಚೆ, ಅಲೆ ಒಡೆಯುವ ಕಡೆ ಕೈ ತೋರಿಸಿದೆ. ಅವರು ತುಂಬ ಹೊತ್ತು ಅತ್ತಲೇ ನೋಡಿದರು. ಆಮೇಲೆ ಕೈಯಲ್ಲಿದ್ದ ಫೋನನ್ನು ಸುಮ್ಮನೆ ತಿರುಗಿಸುತ್ತ ತಲೆ ತಗ್ಗಿಸಿದರು. ಆ ಮುಜುಗರ ನೋಡಿ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಚಾ ಬೇಕೇ ಎಂದು ನಾನು ಕೇಳಲಿಲ್ಲ. ಅಮ್ಮ ಗೋಡೆ ಹಿಡಿದುಕೊಂಡು ಎದ್ದು, ಕಾಲೆಳೆಯುತ್ತ ಒಳಗೆ ಹೋಗಿ ಎರಡೇ ಲೋಟ ಚಾ ಮಾಡಿ ತಂದಳು, ಒಂದು ಮಾಷ್ಟ್ರಿಗೆ, ಒಂದು ತನಗೆ.