ಎಲ್ಲರಿಗೂ ಒಂದು ವರ್ಷ ಹೆಚ್ಚು

ಸಮೀಕ್ಷೆ ಕಚೇರಿಯಲ್ಲಿ ಅವಳದು ಮರುಭೇಟಿಯ ಕೆಲಸ. ಬೇರೆಯವರು ಮನೆಮನೆ ಸುತ್ತಿ ತುಂಬಿಸಿ ತಂದ ನೂರು ನಮೂನೆಗಳಲ್ಲಿ ಹತ್ತನ್ನು ಆರಿಸಿ, ಆ ಹತ್ತು ಮನೆಗಳಿಗೆ ತಾನೂ ಹೋಗಿ ಮೂರೇ ಪ್ರಶ್ನೆ ಕೇಳಬೇಕು. ನಮ್ಮವರು ಬಂದಿದ್ದರೇ? ಎಷ್ಟು ಹೊತ್ತು ಕೂತಿದ್ದರು? ಮನೆಯಲ್ಲಿ ಎಷ್ಟು ಜನ? ಒಂದು ಮನೆ ತಪ್ಪಿದರೂ ಇಡೀ ಕಟ್ಟು ವಾಪಸ್ಸು. ಹದಿನೆಂಟು ವರ್ಷದಿಂದ ಇದನ್ನೇ ಮಾಡಿ ಮಾಡಿ ಅವಳ ಹೆಸರೇ ಮರುಭೇಟಿ ಎಂದಾಗಿತ್ತು. ಅವಳು ಒಳಗೆ ಬಂದರೆ ಹುಡುಗರು, "ಮರುಭೇಟಿ ಬಂದ್ರು, ಸುಳ್ಳು ಹೇಳೋರೆಲ್ಲ ಎದ್ದು ನಿಂತ್ಕೊಳ್ರಪ್ಪಾ" ಎಂದು ನಗುತ್ತಿದ್ದರು. ಈಚೆಗೆ ಆ ತಮಾಷೆ ನಿಂತಿತ್ತು.

ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಹತ್ತು ದಿನ ರಜೆ ಹಾಕಿ, ಹನ್ನೊಂದನೆಯ ದಿನ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದಳು. ಅಕ್ಕ ಫೋನಿನಲ್ಲಿ, "ಒಂದ್ಸಲ ಅತ್ತು ಹಗುರಾಗೇ" ಎಂದರೆ, "ಅಳು ಬಂದಾಗ ಅಳ್ತೀನಿ ಬಿಡಕ್ಕಾ" ಎನ್ನುತ್ತಿದ್ದಳು. ಬಂದಿರಲಿಲ್ಲ.

ಆ ವಾರ ಅವಳ ಮೇಜಿಗೆ ಬಂದದ್ದು ಆರೋಗ್ಯ ಕೇಂದ್ರದ ಕಟ್ಟು. ಕೇಂದ್ರವನ್ನು ಸಂಜೆಯೂ ತೆರೆದಿಡಬೇಕೇ, ಮುಚ್ಚಬೇಕೇ ಎಂದು ತಿಳಿಯಲು ಪ್ರತಿವರ್ಷ ಅವೇ ನೂರು ಮನೆಗಳನ್ನು ಕೇಳುತ್ತಿದ್ದರು. ಅವಳು ವಾಡಿಕೆಯಂತೆ ಚೀಟಿ ಎತ್ತಿದಳು. ಏಳು ಬಂತು. ಅಲ್ಲಿಂದ ಹತ್ತಕ್ಕೊಂದು: ಹದಿನೇಳು, ಇಪ್ಪತ್ತೇಳು. ಮೂವತ್ತೇಳನೆಯದು ಅವಳದೇ ಮನೆ.

ಮನೆಯ ಯಜಮಾನ: ವಯಸ್ಸು ಅರವತ್ತೆರಡು. ಉತ್ತರ ಕೊಟ್ಟವರು: ಅವರೇ. ಮನೆಯಲ್ಲಿ ಜನ: ಇಬ್ಬರು. ಸಂಜೆ ಹೊತ್ತು ಕೇಂದ್ರಕ್ಕೆ ಹೋಗುವವರು: ಇಲ್ಲ. ತಾರೀಕು ಹೋದ ಮಂಗಳವಾರದ್ದು.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಅವಳು ಪೆನ್ಸಿಲ್ ಚೂಪು ಮಾಡಿಕೊಂಡು, ಕಪಾಟಿನಿಂದ ಕಳೆದ ವರ್ಷದ ಕಟ್ಟು ತೆಗೆದು ಪಕ್ಕಕ್ಕಿಟ್ಟಳು. ಕಳೆದ ವರ್ಷ ಗಂಡನಿಗೆ ಅರವತ್ತೊಂದು. ಮೇಲಿನ ಮನೆಯಾಕೆ ನಲವತ್ತರಿಂದ ನಲವತ್ತೊಂದಕ್ಕೆ, ಎದುರುಮನೆಯಾತ ಎಪ್ಪತ್ತರಿಂದ ಎಪ್ಪತ್ತೊಂದಕ್ಕೆ. ನೂರು ಮನೆಯಲ್ಲೂ ಪ್ರತಿಯೊಬ್ಬರಿಗೆ ಸರಿಯಾಗಿ ಒಂದು ವರ್ಷ ಏರಿತ್ತು, ಮಿಕ್ಕ ಉತ್ತರಗಳು ಇದ್ದಲ್ಲೇ ಇದ್ದವು. ನಿಜವಾದ ಜನರಿಗೆ ನಮೂನೆಯಲ್ಲಿ ಹೀಗೆ ವಯಸ್ಸಾಗುವುದಿಲ್ಲ. ಈ ವರ್ಷ ಐವತ್ತು ಎಂದವರು ಬರುವ ವರ್ಷವೂ ಐವತ್ತೇ ಎನ್ನುತ್ತಾರೆ. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಐವತ್ತೈದಕ್ಕೆ ಹಾರುತ್ತಾರೆ.

ಕಟ್ಟಿನ ಮೇಲಿದ್ದ ಸಹಿ ಚೀಲದಣ್ಣನದು. ಸದಾ ಹೆಗಲಿಗೆ ಚೀಲ ಹಾಕಿಕೊಂಡಿರುವ ಈ ಹಿರಿಯನೇ ಅವಳಿಗೆ ಕೆಲಸ ಕಲಿಸಿದ್ದು. "ಪೆನ್ನು ತೆಗೆಯೋಕೆ ಮುಂಚೆ ಕುಡಿಯೋಕೆ ನೀರು ಕೇಳಮ್ಮ. ನೀರು ಕೊಟ್ಟ ಮನೆಯೋರು ಸುಳ್ಳು ಹೇಳಲ್ಲ." ಏಳು ತಿಂಗಳ ಹಿಂದೆ ಅವಳ ಗಂಡನಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಅವನೂ ಒಬ್ಬ.

ಮೆಟ್ಟಿಲ ಬಳಿ ಅವನು ಸಿಕ್ಕಾಗ ಅವಳು ನಮೂನೆ ಚಾಚಿದಳು. ಅವನು ಓದಿದ. ಮುಖ ಬಿಳುಚಿಕೊಂಡಿತು.

"ಮನೆ ನಂಬರೇ ನೋಡ್ಲಿಲ್ಲ ಕಣಮ್ಮ. ಕೂತು ಒಂದೊಂದು ಸೇರಿಸ್ತಾ ಹೋದೆ. ಮಂಡಿ ಹೋಗಿದೆ, ನಾಲ್ಕು ಮಹಡಿ ಹತ್ತೋಕಾಗಲ್ಲ. ಜನ ಪ್ರತಿವರ್ಷ ಹೇಳೋದೂ ಅದನ್ನೇ ಅಲ್ವಾ?"

"ಹೋದ ಚಳಿಗಾಲ ಪೂರ್ತಿ ಅವರು ದಿನಾ ಸಂಜೆ ಇಂಜೆಕ್ಷನ್‌ಗೆ ಹೋಗ್ತಿದ್ರಣ್ಣ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಇದೊಂದ್ಸಲ ಹೊಟ್ಟೆಗೆ ಹಾಕ್ಕೋ. ಹಗಲು ನಿನ್ನ ಮನೆ ಬೀಗ ಹಾಕಿರುತ್ತೆ. ಬೀಗ ಇದ್ರೆ ಮರುಭೇಟಿಗೆ ಪಕ್ಕದ ಮನೆ ತಗೋಬಹುದು ಅಂತ ನಿಯಮಾನೇ ಇದೆಯಲ್ಲ."

"ಪಕ್ಕದ ಮನೆಗಾದ್ರೂ ಹೋಗಿದ್ರಾ?"

ಅವನು ನಮೂನೆಯನ್ನು ಅವಳಿಗೇ ವಾಪಸ್ಸು ಚಾಚಿದ.

ಮಧ್ಯಾಹ್ನ ಅವಳು ಬಸ್ಸು ಹಿಡಿದು ಮನೆಗೆ ಹೋದಳು. ಬೀಗ ತೆಗೆದು ಹೊಸಿಲೊಳಗೆ ನಿಂತು, ಗೋಡೆಗೆ ಹಾಳೆ ಒತ್ತಿ ಹಿಡಿದು ತುಂಬಿದಳು. ಯಾರೂ ಬಂದಿರಲಿಲ್ಲ. ಸೊನ್ನೆ ನಿಮಿಷ. ಒಬ್ಬರು. ಕೊನೆಯದನ್ನು ಬರೆದ ಮೇಲೆ ಒಂದು ಗಳಿಗೆ ನೋಡಿದಳು. ಅವಳದೇ ಕೈಬರಹ, ನೆಟ್ಟಗಿತ್ತು. ಮತ್ತೆ ಬೀಗ ಹಾಕಿ, ಹೋದ ಬಸ್ಸಿನಲ್ಲೇ ಬಂದು ಹಾಳೆಯನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟಳು.

"ಅವರು ಮಂಡಿ ನೋವಲ್ಲಿದ್ದಾರೆ ಸರ್. ಇನ್ನೊಂದ್ಸಲ ಮಾಡೋಕೆ ಬಿಡಿ" ಎಂದೂ ಹೇಳಿದಳು.

ಅಧಿಕಾರಿ ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಚೀಲದಣ್ಣನನ್ನು ಕರೆಸಿದರು. ಹದಿನೈದು ದಿನದಲ್ಲಿ ನೂರು ಮನೆಯನ್ನೂ ಹತ್ತಿಳಿದು ತರಬೇಕು. ತಂದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಭಾನುವಾರ ಬೆಳಿಗ್ಗೆ ಅವಳ ಬಾಗಿಲು ಬಡಿದ ಸದ್ದಾಯಿತು. ಚೀಲ ಹೆಗಲಲ್ಲಿತ್ತು.

"ನಿಂದು ನೆಲಮಹಡಿ. ಅದಕ್ಕೇ ಮೊದಲು ಬಂದೆ. ಕುಡಿಯೋಕೆ ಸ್ವಲ್ಪ ನೀರು ಕೊಡಮ್ಮ."

ಅವಳು ಕೊಟ್ಟಳು. ಅವನು ಕುಡಿದು, ಲೋಟ ಕೆಳಗಿಟ್ಟು, ಪೆನ್ನು ತೆಗೆದ.

"ವಯಸ್ಸು?"

"ಐವತ್ತಾರು."

"ಐವತ್ತೈದು ಅನ್ನಮ್ಮ, ಎಲ್ಲರೂ ಹಾಗೇ ಅಂತಾರೆ."

"ಐವತ್ತಾರೇ ಬರ್ಕೊಳ್ಳಿ."

"ಮನೇಲಿ ಎಷ್ಟು ಜನ?" ಕೇಳುವಾಗ ಅವನು ತಲೆ ಎತ್ತಲಿಲ್ಲ.

"ಒಬ್ಬಳೇ."

"ಸಂಜೆ ಕೇಂದ್ರಕ್ಕೆ ಹೋಗೋರು ಯಾರಾದ್ರೂ...?"

"ಈಗ ಯಾರೂ ಇಲ್ಲ."

ಅವನು ಗುರುತು ಹಾಕಿದ. ಸುಳ್ಳು ನಮೂನೆಯಲ್ಲಿ ಹಾಕಿದ್ದ ಚೌಕಕ್ಕೇ ಬಿತ್ತು. ಕಳೆದ ವರ್ಷ ಇಲ್ಲ, ಈ ವರ್ಷವೂ ಇಲ್ಲ. ನಡುವಿನ ಚಳಿಗಾಲದ ಅಷ್ಟೂ ಸಂಜೆಗಳು ಯಾವ ಹಾಳೆಗೂ ಸೇರಲಿಲ್ಲ. ಇಬ್ಬರೂ ಅದನ್ನು ನೋಡಿದರು.

"ಮೇಲಿನವರನ್ನ ಕೆಳಗೆ ಕರೀತೀನಿ" ಎಂದು ಅವಳು ಚಪ್ಪಲಿ ಮೆಟ್ಟಿದಳು. "ನಾನು ಕರೀತೀನಿ ಅಷ್ಟೇ. ಕೇಳೋದು ನೀವೇ."

ಮೊದಲ ಮಹಡಿಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು. "ಸಂಜೆನಾ? ದಿನಾ ಏಳು ಗಂಟೆಗೆ ನಮ್ಮತ್ತೆನ ಕರ್ಕೊಂಡು ಹೋಗ್ತೀನಿ. ಯಾಕೆ, ಮುಚ್ಚಿಬಿಡ್ತಾರಾ?"

ಚೀಲದಣ್ಣ 'ಹೌದು' ಎಂಬಲ್ಲಿ ಗುರುತು ಹಾಕಿದ. ಹಳೆಯ ನಮೂನೆಯಲ್ಲಿ ಅಲ್ಲಿ 'ಇಲ್ಲ' ಇತ್ತು. ಅವಳು ಖಾಲಿ ಲೋಟವನ್ನು ಎತ್ತಿ ಕಿಟಕಿಯಲ್ಲಿಟ್ಟು, ಎರಡನೆಯ ಮಹಡಿಗೆ ಹತ್ತಿದಳು.