ಯಾರೂ ಹೋಗದ ಬಲಮೂಲೆ

ಹೋದ ವಾರ ನಮ್ಮ ಮನೆಗೆ ಕೊರಿಯರಿನಲ್ಲಿ ಒಂದು ಇಟ್ಟಿಗೆ ಬಂತು. ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ್ದು, ಹೂಕುಂಡಕ್ಕೆ ಹಾಕುವಂಥದು. ಕಡೂರಿನಲ್ಲಿ ಕೂತುಕೊಂಡು ತೆಂಗಿನ ನಾರಿನ ಪುಡಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ತರಿಸಿಕೊಳ್ಳುವವರ ಬುದ್ಧಿವಂತಿಕೆಯ ಬಗ್ಗೆ ನೀವು ಏನು ಬೇಕಾದರೂ ಅಂದುಕೊಳ್ಳಿ. ಊರಾಚೆ ನಾಲ್ಕು ಹೆಜ್ಜೆ ಹೋದರೆ ಅದೇ ಪುಡಿ ರಸ್ತೆ ಪಕ್ಕ ಗುಡ್ಡೆ ಬಿದ್ದಿರುತ್ತದೆ. ಯಾರಾದರೂ ಹೊತ್ತುಕೊಂಡು ಹೋದರೆ ಸಾಕು ಎಂದು ಕಾಯುವವರೂ ಇದ್ದಾರೆ. ತರಿಸಿದವಳು ನನ್ನ ಹೆಂಡತಿ. ಬೇಡ ಎನ್ನದೆ ಪೇಪರ್ ಓದುತ್ತಾ ಸುಮ್ಮನಿದ್ದವನು ನಾನು. ಬಕೆಟ್ಟಿಗೆ ಹಾಕಿ ನೀರು ಸುರಿದೆ. ಇಟ್ಟಿಗೆ ಉಬ್ಬಿತು, ಬಿರಿಯಿತು, ಒದ್ದೆ ನಾರಿನ ಹುಳಿಹುಳಿ ವಾಸನೆ ಎದ್ದಿತು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಹನ್ನೆರಡು ವರ್ಷ ಹಿಂದಕ್ಕೆ ಹೋದೆ.

ಆಗ ಇಲ್ಲಿಯ ಕಬಡ್ಡಿ ಅಂಕಣಕ್ಕೆ ಇದೇ ಪುಡಿಯನ್ನು ಹರಡುತ್ತಿದ್ದರು. ಮೊಣಕಾಲು ತರಚುವುದಿಲ್ಲ ಎಂಬುದು ಅದರ ಗುಣ. ಮೂರು ದಿನ ಮೂಗಿನಿಂದ ಕೆಂಪುಪುಡಿ ಬರುತ್ತಿತ್ತು ಎಂಬುದು ದೋಷ. ನಾನು ಕಬಡ್ಡಿ ಆಡಿದವನಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ಆದರೂ ಆ ಅಂಕಣದ ಪಕ್ಕ ಒಂದು ಮಧ್ಯಾಹ್ನ ಮೇಜು ಹಾಕಿಕೊಂಡು ಕೂತು, ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹುಡುಗಿಯರಲ್ಲಿ ಯಾರು ಒಳ್ಳೆಯ ರಕ್ಷಣಾ ಆಟಗಾರ್ತಿ ಎಂದು ತೀರ್ಮಾನಿಸಿದೆ. ಇಂಥ ಕೆಲಸಕ್ಕೆ ಧೈರ್ಯ ಬೇಕಿಲ್ಲ. ಸ್ನಾತಕೋತ್ತರ ಪದವಿ ಇದ್ದರೆ ಸಾಕು.

ಈ ಕತೆಯನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಹೇಳುತ್ತಿದ್ದ ರೀತಿ ಹೀಗೆ: ಬುಕ್ಕಾಂಬುಧಿ ಕಡೆಯ ಚಂದ್ರಕಲಾ ಎಂಬ ಹುಡುಗಿ ಬಲ ಕಾರ್ನರಿನಲ್ಲಿ ನಿಂತಿದ್ದಳು. ಅವಳಿಗೆ ಹೆದರಿ ಎದುರಾಳಿ ರೈಡರುಗಳು ಆ ಕಡೆ ಹೋಗಲೇ ಇಲ್ಲ. ಆಟ ಗೊತ್ತಿಲ್ಲದ ನನಗೇ ಅದು ಹೊಳೆಯಿತು, ಮೂವತ್ತು ವರ್ಷ ಸೀಟಿ ಊದಿದ ಪಿ.ಟಿ. ಮೇಷ್ಟ್ರು ರುದ್ರಪ್ಪನವರಿಗೆ ಹೊಳೆಯಲಿಲ್ಲ. ನಾನು ಎಷ್ಟು ವಾದಿಸಿದರೂ ಕೇಳದೆ ಅವಳನ್ನು ಕೈಬಿಟ್ಟರು. ಕೇಳಿದವರು ತಲೆಯಾಡಿಸುತ್ತಿದ್ದರು, ನಮ್ಮ ದೇಶದ ಕ್ರೀಡೆಯ ಬಗ್ಗೆ ಎರಡು ಮಾತಾಡಿ ಕಾಫಿ ಕುಡಿದು ಹೋಗುತ್ತಿದ್ದರು. ನನಗೂ ಹಿತವಾಗುತ್ತಿತ್ತು.

ಬಕೆಟ್ಟಿನ ಮುಂದೆ ಕೂತಾಗ ಒಂದು ಸಣ್ಣ ಅನುಮಾನ ಬಂತು. ನೆನಪಿನಲ್ಲಿ ನಾನು ಅಂಕಣದ ಅಂಚಿನಲ್ಲಿ ನಿಂತು ಕೈಯೆತ್ತಿ ವಾದಿಸುತ್ತಿದ್ದೇನೆ. ನಾನು ಕೈಯೆತ್ತಿ ವಾದಿಸುವವನಲ್ಲ. ಬಸ್ಸಿನಲ್ಲಿ ಕಿಟಕಿ ಮುಚ್ಚಿ ಎಂದು ಕೇಳಲು ಎರಡು ಸ್ಟಾಪು ಯೋಚಿಸುತ್ತೇನೆ. ಕೈ ತೊಳೆದು ಒಳಗೆ ಹೋಗಿ ಆ ವರ್ಷದ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇಷ್ಟಿತ್ತು: ‘ಆಯ್ಕೆ ಮುಗಿಯಿತು. ನನ್ನ ಹಾಳೆ ಚೆನ್ನಾಗಿ ಕೆಲಸ ಮಾಡಿತು. ಬಲ ಕಾರ್ನರಿನ ಹುಡುಗಿಯನ್ನು ತೆಗೆದುಕೊಳ್ಳಿ ಎಂದು ರುದ್ರಪ್ಪನವರು ಹಟ ಮಾಡಿದರು. ಆ ಹುಡುಗಿ ಹೆಚ್ಚಾಗಿ ನಿಂತೇ ಇದ್ದಳು. ಸೋಮಾರಿ ಇರಬೇಕು. ಸಂಜೆ ಬೋಂಡಾ ಚೆನ್ನಾಗಿತ್ತು.’

ಎರಡು ಸಲ ಓದಿದೆ. ಬೋಂಡಾ ನೆನಪಿಗೆ ಬಂತು. ಉಳಿದದ್ದು ನಿಧಾನವಾಗಿ ಬಂತು, ಬರಲು ಇಷ್ಟವಿಲ್ಲದಂತೆ.

ನಿಜವಾಗಿ ನಡೆದದ್ದು ಇದು. ಕನಿಷ್ಠ ಡೈರಿಯನ್ನು ಸಾಕ್ಷಿಗೆ ಇಟ್ಟುಕೊಂಡು ಈಗ ನಾನು ಕಟ್ಟಬಹುದಾದದ್ದು ಇದು. ರುದ್ರಪ್ಪನವರು ಅಲ್ಲಿಯವರೆಗೆ ಕಣ್ಣಳತೆಯಿಂದಲೇ ಆರಿಸುತ್ತಿದ್ದರು. ಸ್ಟೂಲಿನ ಮೇಲೆ ಕೊಡೆ ಹಿಡಿದು ಕೂತು, ಆಟ ಮುಗಿದ ಮೇಲೆ ‘ನೀನು, ನೀನು’ ಎಂದು ಬೆರಳು ತೋರಿಸಿದರೆ ಮುಗಿಯಿತು. ಹಿಂದಿನ ವರ್ಷ ಅವರು ನೆಂಟರ ಹುಡುಗಿಯನ್ನು ಹಾಕಿಕೊಂಡರು ಎಂದು ಗಲಾಟೆಯಾಗಿತ್ತು. ಆದ್ದರಿಂದ ಈ ಸಲ ಅಂಕಗಳಿರಲಿ, ಓದಿದವರೊಬ್ಬರು ಪದ್ಧತಿ ಮಾಡಿಕೊಡಲಿ ಎಂದು ಮೇಲಿನವರು ನನ್ನನ್ನು ಕರೆದರು. ನಾನು ಎರಡು ಭಾನುವಾರ ಕೂತು ಹಾಳೆ ತಯಾರಿಸಿದೆ. ಕಾಲು ಹಿಡಿದರೆ ಇಷ್ಟು, ತೊಡೆ ಹಿಡಿದರೆ ಇಷ್ಟು, ತಳ್ಳಿ ಗೆರೆ ದಾಟಿಸಿದರೆ ಇಷ್ಟು. ಹಿಡಿಯಲು ಹೋದಾಗ ರೈಡರ್ ತಪ್ಪಿಸಿಕೊಂಡರೂ ಪ್ರಯತ್ನಕ್ಕೆ ಒಂದು. ಆ ಒಂದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು; ಶ್ರಮಕ್ಕೆ ಬೆಲೆ ಕೊಟ್ಟೆ ಎಂದುಕೊಂಡಿದ್ದೆ.

ಆ ಹಾಳೆಗೆ ದೂಳೆದ್ದಷ್ಟೂ ಸಂತೋಷ. ಎಡ ಕಾರ್ನರಿನಲ್ಲಿದ್ದ ಹುಡುಗಿ ಬಂದವರ ಮೇಲೆಲ್ಲ ಬೀಳುತ್ತಿದ್ದಳು. ಹತ್ತು ಸಲ ಬಿದ್ದು ಎಂಟು ಸಲ ಹಿಡಿತ ಬಿಟ್ಟಳು. ನಾನು ತಲೆಯೆತ್ತದೆ ಗೀಟು ಹಾಕುತ್ತಾ ಹೋದೆ. ಚಂದ್ರಕಲಾಳ ಸಾಲು ಖಾಲಿ ಇತ್ತು. ಅವಳು ಮೊಣಕಾಲು ಬಾಗಿಸಿ, ಪಕ್ಕದವಳ ಕೈ ಹಿಡಿದು, ಭಾರವನ್ನೆಲ್ಲ ಮುಂಗಾಲಿನ ಮೇಲೆ ಬಿಟ್ಟು ನಿಲ್ಲುತ್ತಿದ್ದಳು. ರೈಡರ್ ಅತ್ತ ತಿರುಗಿದರೆ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದಳು, ಬಾ ಎನ್ನುವ ಹಾಗೆ. ರೈಡರ್ ಬರುತ್ತಿರಲಿಲ್ಲ. ಇದನ್ನೆಲ್ಲ ನಾನು ಆಗಲೇ ನೋಡಿದೆನೋ, ಆಮೇಲೆ ಟೀವಿಯಲ್ಲಿ ಕಬಡ್ಡಿ ನೋಡಿ ಕಲಿತದ್ದನ್ನು ತಂದು ಅವಳ ಕಾಲಿಗೆ ಅಂಟಿಸಿದೆನೋ, ಪ್ರಮಾಣ ಮಾಡಿ ಹೇಳಲಾರೆ.

ಅವಳ ಸೋದರತ್ತೆ ಜೊತೆಗೆ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ, ಯಾರಿಗೂ ಹೆದರದ ಹೆಂಗಸು. ನನ್ನ ಮೇಜಿನ ಹಿಂದೆ ನಿಂತು ಹಾಳೆಯನ್ನು ಇಣುಕಿ ನೋಡಿದಳು.

“ಏನ್ ಸಾ, ನಮ್ ಚಂದ್ರಿ ಸಾಲ್ನಾಗೆ ಏನೂ ಬರ್ದಿಲ್ವಲ್ಲ?”

“ಅವಳು ಯಾರನ್ನೂ ಹಿಡಿದಿಲ್ಲಮ್ಮ.”

“ಯಾರಾದ್ರೂ ಬಂದ್ರೆ ತಾನೆ ಹಿಡಿಯೋದು? ಹೋದ ವರ್ಷ ಬಂದೋಳು ಮೂರು ತಿಂಗ್ಳು ಕುಂಟ್ಕಂಡ್ ಓಡಾಡಿದ್ಲು. ನಮ್ಮನೆ ನಾಯೀನೂ ಯಾರ್ಗೂ ಕಚ್ಚಿಲ್ಲ ಕಣ್ ಸಾ. ಕಚ್ಚಿಸ್ಕಳಕ್ಕೆ ಯಾರೂ ಬರಲ್ಲ.”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಮನೆಯವರು ಹೀಗೆ ಹೇಳುವುದು ಸಹಜ ಎಂದುಕೊಂಡೆ. ಸಾಕ್ಷ್ಯಕ್ಕೂ ಮಮತೆಗೂ ವ್ಯತ್ಯಾಸವಿದೆ ಎಂಬುದು ಓದಿದವನಿಗೆ ಗೊತ್ತಿರಬೇಕಲ್ಲವೆ? ಅವಳು ನಗಲಿಲ್ಲ. ತಗ್ಗಿದ ದನಿಯಲ್ಲಿ, “ಹಾಸ್ಟ್ಲು ಸಿಕ್ರೆ ಕಾಲೇಜು ಸಾ. ಸಿಕ್ಲಿಲ್ಲ ಅಂದ್ರೆ ದಿನಾ ಬಸ್ಸಲ್ಲಿ ಕಳ್ಸಲ್ಲ ಅಂದ್‌ಬಿಟ್ಟವ್ನೆ ಅವರಪ್ಪ. ಸಲ್ಪ ನೋಡಿ,” ಎಂದಳು. ನೋಡಿದೆ. ಸಾಲು ಖಾಲಿಯೇ ಇತ್ತು.

ಕ್ರೀಡಾ ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಜಾಗ. ಆಟ ಮುಗಿದ ಮೇಲೆ ರುದ್ರಪ್ಪನವರು ಕೊಡೆ ಮಡಚಿ ಬಂದು ಹಾಳೆ ತೆಗೆದುಕೊಂಡರು.

“ಬಲಗಡೆಯೋಳಿಗೆ ಎಷ್ಟು ಹಾಕಿದೀರಿ?”

“ಸೊನ್ನೆ.”

“ಅವಳನ್ನ ಬಿಟ್ಟು ಇನ್ಯಾರನ್ನ ತಗೋತೀರಿ ಸಾರ್? ಆ ಕಡೆಗೆ ಒಬ್ಳಾದ್ರೂ ಹೋದ್ಲಾ ನೋಡಿದ್ರಾ?”

“ಹೋಗದೇ ಇದ್ದರೆ ಯಾವ ಕಾಲಮ್ಮಿನಲ್ಲಿ ಬರೆಯಲಿ?”

“ಕಾಲಮ್ಮು ಮಾಡಿದೋರು ನೀವು. ನನ್ನ ಕೇಳ್ತೀರಲ್ಲ.”

ಆಗ ನಾನು ಒಂದು ಮಾತು ಹೇಳಿದೆ. ಡೈರಿಯಲ್ಲಿ ಅದಿಲ್ಲ, ಆದರೆ ಹೇಳಿದೆ ಎಂಬುದು ಖಂಡಿತ, ಏಕೆಂದರೆ ಅದನ್ನು ಮರೆಯಲೆಂದೇ ಉಳಿದದ್ದನ್ನೆಲ್ಲ ಕಟ್ಟಿಕೊಂಡಿದ್ದೇನೆ ಅನ್ನಿಸುತ್ತದೆ. “ಹೋದ ವರ್ಷವೂ ನಿಮ್ಮ ಕಣ್ಣಿಗೆ ಒಬ್ಬಳು ಹೀಗೇ ಕಂಡಿದ್ದಳಲ್ಲ ಮೇಷ್ಟ್ರೇ,” ಎಂದೆ. ಅವರು ನನ್ನ ಮುಖ ನೋಡಿದರು. ನನ್ನ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಎಡಗಡೆಯ ಹುಡುಗಿ ಹಾಸ್ಟೆಲಿಗೆ ಹೋದಳು. ಹಾಳೆಯ ಪ್ರಕಾರ ಅದು ಸರಿಯಾಗಿತ್ತು. ಎಲ್ಲರೂ ಒಪ್ಪಿದರು, ಗಲಾಟೆಯಾಗಲಿಲ್ಲ, ಬೋಂಡಾ ಬಂತು.

ಡೈರಿ ಮುಚ್ಚಿ ರುದ್ರಪ್ಪನವರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ತರೀಕೆರೆಯಲ್ಲಿದ್ದಾರೆ. ಯೋಗಕ್ಷೇಮ ಮುಗಿದ ಮೇಲೆ ಚಂದ್ರಕಲಾಳ ಹೆಸರೆತ್ತಿದೆ.

“ಕಾಲೇಜಿಗೆ ಹೋಗ್ಲಿಲ್ಲ, ಅಷ್ಟು ಗೊತ್ತು. ಆಮೇಲೆ ವಿಚಾರಿಸಕ್ಕೆ ನಂಗೆ ಮುಖ ಇರ್ಲಿಲ್ಲ ಕಣ್ರೀ.”

“ತಪ್ಪು ನನ್ನದು ಮೇಷ್ಟ್ರೇ.”

“ನಾನೂ ಸಹಿ ಹಾಕಿದೀನಲ್ಲ. ಅದಿರ್ಲಿ, ನಿಮ್ಮ ಹಾಳೆ ಇನ್ನೂ ನಡೀತಿದೆ, ಗೊತ್ತಾ?”

ನನಗೆ ಗೊತ್ತಿರಲಿಲ್ಲ. ನನ್ನ ಪಾಠದ ಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಸಂಜೆಯೇ ಬಿಸಾಡುತ್ತಿದ್ದರು. ಪತ್ರಿಕೆಗಳಿಗೆ ಕಳಿಸಿದ ಲೇಖನಗಳು ಅಂಚೆಯಲ್ಲೇ ತೀರಿಕೊಂಡವು. ನಾನು ಬರೆದದ್ದರಲ್ಲಿ ಹನ್ನೆರಡು ವರ್ಷ ಬಾಳಿದ್ದು, ಜೆರಾಕ್ಸಿನ ಮೇಲೆ ಜೆರಾಕ್ಸಾಗಿ ಮೂರು ಊರು ಸುತ್ತಿದ್ದು, ಇದೊಂದೇ. ಭಾನುವಾರ ಅಜ್ಜಂಪುರದಲ್ಲಿ ಈ ವರ್ಷದ ಆಯ್ಕೆ ಎಂದು ಅವರೇ ಹೇಳಿದರು. ಬಸ್ಸು ಹತ್ತಿದೆ.

ಅಲ್ಲಿಯ ಪಿ.ಟಿ. ಟೀಚರ್ ಶೈಲಜಾ ಚುರುಕಾದ ಹೆಣ್ಣುಮಗಳು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ನನ್ನ ಹಾಳೆ. ಗೀಟುಗಳು ಮಸುಕಾಗಿ ಒಂದು ಕಡೆಗೆ ವಾಲಿದ್ದವು. ಇದನ್ನು ಮಾಡಿದವನು ನಾನು, ಇದು ಸರಿಯಿಲ್ಲ, ಬಿಟ್ಟುಬಿಡಿ ಎಂದೆ.

“ಇದು ಮೇಲಿಂದ ಬಂದಿರೋದು ಸಾರ್,” ಎಂದಳು, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ. “ಇದಿದ್ರೆ ಯಾರೂ ಜಗಳ ಮಾಡಲ್ಲ. ನೀವು ಬಂದಿದ್ದು ಒಳ್ಳೇದೇ ಆಯ್ತು, ಬರಿಯೋರು ಒಬ್ರು ಕಮ್ಮಿ ಇದಾರೆ. ಕೂತ್ಕೊಳ್ಳಿ.” ಪೆನ್ನು ಕೈಗೆ ಕೊಟ್ಟು ಹೋದಳು.

ಕೂತೆ. ಅದೇ ಮೇಜು, ಅದೇ ಗೀಟು, ಅದೇ ನಾನು. ಇಳಿಹೊತ್ತು. ಈ ಸಲವೂ ಒಂದು ಕಾರ್ನರಿನ ಕಡೆಗೆ ರೈಡರುಗಳು ಹೋಗುತ್ತಿರಲಿಲ್ಲ. ಅಲ್ಲಿ ಓಲೆಯ ಬದಲು ಕಿವಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡಿದ್ದ, ಸಣಕಲು ಕಾಲಿನ ಹುಡುಗಿಯೊಬ್ಬಳಿದ್ದಳು. ಎದೆಯ ಮೇಲೆ ಒಂಬತ್ತನೆಯ ನಂಬರ್. ಹಳೆಯ ಪಾಪ ತೊಳೆದುಕೊಳ್ಳಲು ಇದಕ್ಕಿಂತ ಸುಲಭದ ಅವಕಾಶ ಸಿಗುವುದಿಲ್ಲ ಎಂದು ಪೆನ್ನಿನ ಮುಚ್ಚಳ ತೆಗೆದೆ. ಆಮೇಲೆ ಹೆದರಿಕೆಯಾಯಿತು. ಇವಳು ಚಂದ್ರಕಲಾಳಂತೆಯೇ ಎಂದು ನನಗೆ ಹೇಳಿದವರು ಯಾರು? ಸುಮ್ಮನೆ ನಿಂತವಳು ಸೋಮಾರಿ ಎಂದು ಹನ್ನೆರಡು ವರ್ಷದ ಹಿಂದೆ ಬರೆದೆ. ಸುಮ್ಮನೆ ನಿಂತವಳು ಅಪ್ರತಿಮ ಆಟಗಾರ್ತಿ ಎಂದು ಇವತ್ತು ಬರೆದರೆ ಅದೂ ನೋಡದೆ ಬರೆದದ್ದೇ. ಕೇಳಬೇಕಾದದ್ದು ರೈಡರುಗಳನ್ನು. ಹನ್ನೆರಡು ವರ್ಷದ ಹಿಂದೆ ಅದು ನನಗೆ ಹೊಳೆದೇ ಇರಲಿಲ್ಲ.

ರೈಡ್ ಮುಗಿಸಿ ನೀರು ಕುಡಿಯುತ್ತಿದ್ದ ಎತ್ತರದ ಹುಡುಗಿಯ ಹತ್ತಿರ ಹೋದೆ. ಅಂದಿನ ಆಟದಲ್ಲಿ ಅವಳೇ ಚುರುಕು; ಬಾಯಿಯೂ ಅಷ್ಟೇ ಚುರುಕು.

“ಯಾಕಮ್ಮ, ಆ ಒಂಬತ್ತನೇ ನಂಬರಿನ ಕಡೆಗೆ ಒಂದು ಸಲವೂ ಹೋಗಲಿಲ್ಲ?”

“ಆ ಕಡೆ ಬಿಸ್ಲು ಕಣ್ಣಿಗೆ ಹೊಡೀತೈತೆ ಸಾ.”

ಪಡುವಣಕ್ಕೆ ತಿರುಗಿ ನೋಡಿದೆ. ನಿಜ, ಹೊಡೆಯುತ್ತಿತ್ತು. ನನ್ನ ಹೊಸ ಜ್ಞಾನೋದಯ ಅಷ್ಟೇ ಹೊತ್ತು ಬಾಳಿದ್ದು. ಚಂದ್ರಕಲಾಳನ್ನು ಆಡಿಸಿದ್ದೂ ಮಧ್ಯಾಹ್ನದ ಮೇಲೆಯೇ ಅಲ್ಲವೆ? ಆಗಲೂ ಬಿಸಿಲೇ ಇದ್ದಿರಬಹುದೆ? ಆಯ್ಕೆಯ ಆಟಗಳಲ್ಲಿ ಹೊತ್ತಿಲ್ಲವೆಂದು ಒಂದೇ ಅರ್ಧ ಆಡಿಸುವುದು ನಮ್ಮ ಕಡೆಯ ವಾಡಿಕೆ. ಯಾರೂ ಪಕ್ಕ ಬದಲಿಸುವುದಿಲ್ಲ. ಅಂದು ನಾವೂ ಬದಲಿಸಿರಲಿಲ್ಲ.

ಶೈಲಜಾಳ ಹತ್ತಿರ ಹೋಗಿ, ಪಕ್ಕ ಬದಲಿಸಿ ಇನ್ನೊಂದು ಅರ್ಧ ಆಡಿಸಿ ಎಂದೆ. ಕೊನೆಯ ಬಸ್ಸು ತಪ್ಪುತ್ತೆ ಸಾರ್ ಎಂದಳು. ಹಾಗಾದರೆ ಈ ಹಾಳೆಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಈ ಸಲ ನಾನು ನಿಜವಾಗಿ ಕೈಯೆತ್ತಿದ್ದೆ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅವಳು ಗೊಣಗುತ್ತಾ ಸೀಟಿ ಊದಿದಳು.

ಒಂಬತ್ತನೇ ನಂಬರಿನವಳು ಈಗ ಮೂಡಣ ದಿಕ್ಕಿನ ಮೂಲೆಗೆ ಬಂದಳು. ಬಿಸಿಲು ರೈಡರುಗಳ ಬೆನ್ನಿಗಿತ್ತು. ಎತ್ತರದ ಹುಡುಗಿ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಇನ್ನೊಂದು ಕಡೆಗೇ ಹೋದಳು. ನಾಲ್ಕನೆಯ ಸಲ ಔಟಾಗಿ ಅಂಕಣದಾಚೆ ಬಂದು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತಳು. ನಾನು ಪಕ್ಕಕ್ಕೆ ಹೋಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ.

ಅವಳು ಮೂಲೆಯ ಕಡೆ ನೋಡಿದಳು. ತನ್ನ ಕಾಲು ನೋಡಿಕೊಂಡಳು. ಗೆಳತಿಯರು ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿ, “ಬೇರೆ ಏನಾದ್ರೂ ಕೇಳಿ ಸಾ,” ಎಂದಳು.

ಮೇಜಿಗೆ ವಾಪಸು ಬಂದು, ಒಂಬತ್ತನೆಯ ನಂಬರಿನ ಖಾಲಿ ಸಾಲಿನ ಉದ್ದಕ್ಕೂ ಕಾಲಮ್ಮುಗಳನ್ನು ದಾಟಿಕೊಂಡು ಅವಳ ಆ ಮಾತನ್ನೇ ಬರೆದೆ. ಕೆಳಗೆ ಸಹಿ ಮಾಡಿದೆ.