ಗುಡ್ಡದಾಚೆಯ ಕ್ಲಿನಿಕ್ಕನ್ನು ಬಿಟ್ಟುಕೊಡದ ಹಾಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ವೆಟರ್ ತೊಟ್ಟು ಕೂತ ಹಾಲಕ್ಕನ ಕಣ್ಣು ಕಂಪ್ಯೂಟರಿನ ಮೇಲಿದೆ. ಸುತ್ತಲಿನ ಕ್ಲಿನಿಕ್ಕುಗಳಲ್ಲಿ ತೆಗೆದ ಸ್ಕ್ಯಾನ್‌ಗಳು, ತಜ್ಞರು ಬಂದು ಕೂರುವಷ್ಟರಲ್ಲಿ ಅವರವರ ಮೇಜು ಸೇರಬೇಕು. ಮುಖ್ಯ ಕೇಬಲ್ ಆಗಲೇ ತುಂಬಿ ತುಳುಕುತ್ತಿದೆ. ಅರ್ಧ ಹೊರೆಯನ್ನು ಹಾಲಕ್ಕ ಸುತ್ತುದಾರಿಯ ಹಳೇ ಕೇಬಲ್ಲಿಗೆ ತಿರುಗಿಸುತ್ತಾರೆ.

“ಹತ್ತಿರದ ದಾರಿ ಅಂತ ಎಲ್ಲಾ ಅಲ್ಲೇ ನುಗ್ಗಿದ್ರೆ ಯಾರೂ ಮುಂದೆ ಹೋಗಲ್ಲ. ವ್ಯಾನಾದ್ರೂ ಅಷ್ಟೇ, ಇದಾದ್ರೂ ಅಷ್ಟೇ.”

ಯಾವ ವ್ಯಾನು ಯಾವ ಬೀದಿಗೆ ಎಷ್ಟು ಹಾಲು ಒಯ್ದರೆ ಖರ್ಚು ಕಡಿಮೆ ಎಂದು ಡೇರಿಯಲ್ಲಿ ವರ್ಷಗಟ್ಟಲೆ ಲೆಕ್ಕ ಹಾಕಿದವರು ಇವರು. ಡೇರಿ ಮುಚ್ಚಿದಾಗ ಅದೇ ಲೆಕ್ಕ ಹೊತ್ತು ಇಲ್ಲಿಗೆ ಬಂದರು, ಬಂದ ವಾರವೇ ಎಡವಿದರು. ಯಾವ ಕ್ಯಾನಿನ ಹಾಲಾದರೂ ಯಾವ ಬೀದಿಗೂ ನಡೆಯುತ್ತದಲ್ಲ, ಅದೇ ರೂಢಿಯಲ್ಲಿ ಸಾಗಣೆ ಅಗ್ಗವಾಗುವಂತೆ ಹಂಚಿ, ಮೂಳೆ ಡಾಕ್ಟರಿಗೆ ಯಾರದೋ ಹೃದಯದ ಸ್ಕ್ಯಾನ್ ಕಳಿಸಿಬಿಟ್ಟರು. ಡಾಕ್ಟರು ನೋಡಿ ವಾಪಸ್ ಮಾಡಿದ್ದರಿಂದ ಅನಾಹುತ ತಪ್ಪಿತು. ‘ಹಾಲಕ್ಕ’ ಎಂಬ ಅಡ್ಡಹೆಸರು ಮಾತ್ರ ಅಂಟಿಕೊಂಡಿತು.

“ಇಲ್ಲಿಯವರೆಲ್ಲ ಬಿದ್ದು ಬಿದ್ದು ನಕ್ರು. ನಗ್ಲಿ ಬಿಡಿ. ಹಾಲಿಗೆ ಹೆಸರಿರಲ್ಲ, ಪ್ರತಿ ಸ್ಕ್ಯಾನಿನ ಹಿಂದೆ ಒಬ್ಬ ಮನುಷ್ಯ ಇರ್ತಾನೆ ಅಂತ ಅವತ್ತೇ ಕಲ್ತೆ.”

ಈಗಿನ ಜಗಳ ಬೇರೆ. ಗುಡ್ಡದಾಚೆಯ ಕ್ಲಿನಿಕ್ಕಿಗೆ ಇರುವುದು ನಿಧಾನದ ಕೇಬಲ್. ಅಲ್ಲಿಯ ಸ್ಕ್ಯಾನ್‌ಗಳನ್ನು ಕೊನೆಗೆ ತಳ್ಳಿದರೆ ಒಟ್ಟಾರೆ ಸಮಯ ಉಳಿಯುತ್ತದೆ, ಅಲ್ಲಿಯ ರೋಗಿ ಮಾತ್ರ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿರಬೇಕು. ಯಾರ ಸ್ಕ್ಯಾನೂ ಒಂದು ಗಂಟೆಗಿಂತ ಹೆಚ್ಚು ಕಾಯಬಾರದು ಎಂಬ ಷರತ್ತನ್ನು ಹಾಲಕ್ಕ ಲೆಕ್ಕದೊಳಗೇ ಸೇರಿಸಿದ್ದಾರೆ. ಅದನ್ನು ಕಂಡರೆ ಮ್ಯಾನೇಜರಿಗೆ ಮೈಯೆಲ್ಲ ಉರಿ.

“ಅಕ್ಕಾ, ಈ ವಯಸ್ಸಲ್ಲಿ ಕೆಲಸ ಹೋದ್ರೆ ಮತ್ತ್ಯಾರು ಕೊಡ್ತಾರೆ?” ಎಂದು ಮನೆಯಲ್ಲಿ ಗೊಣಗುತ್ತಾನೆ, ವ್ಯಾನ್ ಓಡಿಸುವ ತಮ್ಮ. ಅವನ ಭಯ ಸುಳ್ಳೇನಲ್ಲ. ಆದರೂ, ಹಠ ಎನ್ನಿ ಮೊಂಡುತನ ಎನ್ನಿ, ಇದಿಲ್ಲದಿದ್ದರೆ ಗುಡ್ಡದಾಚೆಯವರನ್ನು ಕೇಳುವವರೇ ಇರುತ್ತಿರಲಿಲ್ಲ.

ಇಂದು ಮ್ಯಾನೇಜರು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದಾರೆ. “ಆ ಷರತ್ತು ತೆಗೀರಿ ಮೇಡಂ. ದಿನಕ್ಕೆ ಅಲ್ಲಿಂದ ಬರೋದು ನಾಲ್ಕು ಸ್ಕ್ಯಾನು. ಅಷ್ಟಕ್ಕೆ ಉಳಿದೋರನ್ನೆಲ್ಲ ಕಾಯಿಸ್ತೀರಾ?”

“ಉಳಿದೋರು ಎಷ್ಟು ಹೊತ್ತು ಕಾಯ್ತಾರೆ ಸಾರ್?”

“ಎರಡು ನಿಮಿಷ ಜಾಸ್ತಿ.”

“ಕಾಯ್ಲಿ.”

“ಮೇಲಿನವರಿಗೆ ಹೇಳ್ಬೇಕಾಗುತ್ತೆ.”

ಹಾಲಕ್ಕ ಕುರ್ಚಿ ತಿರುಗಿಸುವುದೂ ಇಲ್ಲ. “ಹೇಳಿ ಸಾರ್. ತೆಗೀಲೇಬೇಕು ಅಂದ್ರೆ ಅವರೇ ಇಲ್ಲಿ ಬಂದು ಕೂತು ತೆಗೀಲಿ. ತೆಗೆದ ಮೇಲೆ ಆ ಕ್ಲಿನಿಕ್ಕಿಗೆ ಫೋನ್ ಮಾಡಿ, ನೀವು ನಾಲ್ಕೇ ಜನ ತಾನೇ, ಕಾಯಿರಿ ಅಂತಾನೂ ಅವರೇ ಹೇಳ್ಲಿ. ನನ್ನ ಬಾಯಿಂದ ಆ ಮಾತು ಬರಲ್ಲ.”